ಕಿವುಡು ಮಕ್ಕಳ ಸದ್ದಿನ ದೂರು

ನಾವು ಕೊಟ್ಟ ಜನರೇಟರಿನ ಸದ್ದಿಗೆ ಮಕ್ಕಳಿಗೆ ಪಾಠ ಕೇಳಿಸುತ್ತಿಲ್ಲ ಎಂದು ಪಿರಿಯಾಪಟ್ಟಣದ ಒಂದು ಶಾಲೆಯಿಂದ ಫೋನು ಬಂದ ದಿನ ನಮ್ಮಪ್ಪ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ದೂರು ಬಂದದ್ದು ಕಿವುಡು ಮಕ್ಕಳ ಶಾಲೆಯಿಂದ. ಅಪ್ಪನ ಬಾಯಲ್ಲಿ ಯಾವ ಮಾತೂ ನಿಲ್ಲದು. ಸಂಜೆಯೊಳಗೆ ಸುದ್ದಿ ಹುಣಸೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಟ್ಟಿತ್ತು. ನಾನು ಆ ದಾರಿಯಲ್ಲಿ ಹೋಗುವಾಗ, ಇನ್ನು ಮೇಲೆ ಕುರುಡರು ಬಂದು ನಿಮ್ಮ ಬಲ್ಬಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ ಅಂದಾರು, ಹುಷಾರಾಗಿರಿ ಎಂದು ಯಾರೋ ಕೂಗಿ ಹೇಳಿದರು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಆ ಜನರೇಟರ್ ನಾನು ಮಾಡಿದ್ದು. ಎಂಜಿನ್ ಹೊರಗಿನಿಂದ ತಂದದ್ದೇ ಆದರೂ ಅದರ ಮೂತಿಗೆ ಜೋಡಿಸಿದ, ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನು ತಗಡಿನಿಂದ ಹಿಡಿದು ವಾರ್ನಿಷ್‌ವರೆಗೆ ನನ್ನ ಕೈಯಾರೆ ಕಟ್ಟಿದ್ದೆ. ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಬಂದ ಮಗಳನ್ನು ಅಪ್ಪ ತನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯ ಗಲ್ಲಾದಲ್ಲಿ ಕೂರಿಸಲು ನೋಡಿದ್ದ. ಸ್ವಲ್ಪ ದಿನದಲ್ಲೇ ಗಲ್ಲಾದಲ್ಲಿ ಅವನು ಕೂತಿದ್ದ, ಒಳಗೆ ಕಾಯಿಲ್ ಸುತ್ತುವ ಮೇಜು ನನ್ನದಾಗಿತ್ತು. ಕೆ.ಆರ್. ನಗರದ ಭತ್ತದ ಮಿಲ್ಲುಗಳು, ಎಚ್.ಡಿ. ಕೋಟೆಯ ಶಾಮಿಯಾನದವರು, ಬೀಚನಹಳ್ಳಿ ಕಡೆಯ ಹೋಟೆಲಿನವರು ನಮ್ಮ ಜನರೇಟರನ್ನೇ ಕೇಳಿ ಒಯ್ಯುತ್ತಿದ್ದರು. ನಮ್ಮದು ಕೈಕೊಡುವುದಿಲ್ಲ ಎಂಬ ಮಾತು ನಾಲ್ಕು ತಾಲ್ಲೂಕಿನಲ್ಲಿತ್ತು, ಆ ಮಾತು ನನ್ನ ತಲೆಗೂ ಏರಿತ್ತು. ಈಗಲೂ ಇಳಿದಿಲ್ಲ, ಇಳಿಯುವ ಅಗತ್ಯವೂ ನನಗೆ ಕಂಡಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಲೋಡ್ ಶೆಡ್ಡಿಂಗ್ ಜೋರಾಗಿರುತ್ತಿತ್ತು. ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಕರೆಂಟು ಹೋದರೆ ಊಟದ ಹೊತ್ತಿಗೆ ಬಂದರೆ ಬಂತು. ಆ ಶಾಲೆಗೆ ಯಾರೋ ದಾನಿಗಳು ಮಕ್ಕಳಿಗೆ ಮಾತು ಕೇಳಿಸುವ ಮೈಕು, ಆಂಪ್ಲಿಫೈಯರ್ ಎಲ್ಲ ಕೊಡಿಸಿದ್ದರು. ಕರೆಂಟಿಲ್ಲದೆ ಅದು ಮೂಕವಾಗಿ ಕೂರುತ್ತಿದ್ದುದರಿಂದ ಜನರೇಟರೂ ಬೇಕಾಯಿತು. ತರಗತಿಯ ಹಿಂಗೋಡೆಗೆ ಒತ್ತಿಕೊಂಡು ಒಂದು ಸಣ್ಣ ಶೆಡ್ಡು ಹಾಕಿ ನಮ್ಮದನ್ನು ಅಲ್ಲಿ ಕೂರಿಸಿದ್ದರು.

ಫೋನು ಬಂದ ಮಾರನೆಯ ದಿನವೇ ಬಸ್ಸು ಹತ್ತಿ ಹೋದೆ. ಶಾಲೆ ಅಂದರೆ ಒಂದು ದೊಡ್ಡ ಕೋಣೆ, ಒಂದು ಜಗಲಿ, ಒಬ್ಬರೇ ಟೀಚರ್. ಮೈಸೂರು ಕಡೆಯವರು, ನನಗಿಂತ ಸ್ವಲ್ಪ ದೊಡ್ಡವರು. ಮೆತ್ತಗೆ ಮಾತಾಡುತ್ತಿದ್ದರೂ ಹಿಡಿದದ್ದನ್ನು ಬಿಡುವವರಲ್ಲ. ಬೆಳಿಗ್ಗೆ ಕರೆಂಟಿರುವಾಗ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ, ಜನರೇಟರ್ ಹಾಕಿದ ಕೂಡಲೇ ಕಿವಿಯ ಮಿಷಿನ್ ಕಿತ್ತು ಹಾಕುತ್ತಾರೆ, ಕೆಲವರು ಅಳುತ್ತಾರೆ ಎಂದರು. ಎಂಜಿನ್ ಗಲಾಟೆ ಆ ಮಿಷಿನ್ ಒಳಗೂ ಹೋಗುತ್ತಿರಬೇಕು ಎಂಬುದು ಅವರ ಲೆಕ್ಕ. ನನಗೂ ಅದು ಸರಿಯಾಗಿಯೇ ಕಂಡಿತು, ಸದ್ದು ಅಂದಮೇಲೆ ಸದ್ದು ತಾನೇ.

ಸದ್ದು ಅಡಗಿಸುವುದು ನಮಗೆ ಗೊತ್ತಿದ್ದ ವಿದ್ಯೆ. ಎಂಜಿನ್ನಿಗೆ ದೊಡ್ಡ ಸೈಲೆನ್ಸರ್ ಹಾಕಿದೆ. ಅಡಿಗೆ ಹಳೆಯ ಲಾರಿ ಟೈರಿನ ರಬ್ಬರ್ ಕೊಯ್ದು ಕೊಟ್ಟೆ. ಶೆಡ್ಡಿನ ತಗಡು ತೆಗೆಸಿ ಇಟ್ಟಿಗೆ ಗೋಡೆ ಏಳಿಸಿದ್ದಾಯಿತು, ಬಾಗಿಲಿಗೆ ಒಳಗಡೆಯಿಂದ ಗೋಣಿಚೀಲ ಹೊಡೆದದ್ದಾಯಿತು. ಎಲ್ಲ ಮುಗಿದ ಮೇಲೆ ತರಗತಿಯಲ್ಲಿ ನಿಂತು ಕಿವಿಗೊಟ್ಟೆ. ಹೊರಗೆ ರಸ್ತೆಯಲ್ಲಿ ಹೋಗುವ ಎತ್ತಿನಗಾಡಿಯ ಸದ್ದು ಕೇಳುತ್ತಿತ್ತು, ಎಂಜಿನ್ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇನ್ನು ದೂರು ಹೇಳಿದರೆ ಅವರ ಕಿವಿಯದೇ ತಪ್ಪು ಎಂದುಕೊಂಡು ಊರಿಗೆ ಬಂದೆ.

ವಾರ ತುಂಬುವ ಮೊದಲೇ ಮತ್ತೆ ಫೋನು. ಏನೂ ಬದಲಾಗಿಲ್ಲ, ಈಗಲೂ ಕಿತ್ತು ಹಾಕುತ್ತಿದ್ದಾರೆ. ಈ ಸಲ ಟೀಚರ್ ದನಿಯಲ್ಲಿ ಬೇರೆ ಏನೋ ಇತ್ತು. ಒಂದು ಹುಡುಗಿಯನ್ನು ಅವಳ ಅಪ್ಪ ಶಾಲೆ ಬಿಡಿಸುತ್ತಾನಂತೆ, ನಾಳೆ ಸಾಧ್ಯವಾದರೆ ಬನ್ನಿ ಎಂದರು. ಅಪ್ಪ ಗಲ್ಲಾದಿಂದಲೇ, ಜನರೇಟರ್ ಮಾರಿಯಾಯ್ತು, ಅವರ ಮಕ್ಕಳ ಅಳು ನಿಲ್ಲಿಸುವುದೂ ನಮ್ಮ ಗ್ಯಾರಂಟಿಯೊಳಗೆ ಬರುತ್ತದಾ ಎಂದು ಕೇಳಿದ. ಬರುತ್ತದೆ ಎಂದು ಹೇಳಿ ಚೀಲಕ್ಕೆ ಸ್ಪ್ಯಾನರ್ ತುಂಬಿಕೊಂಡೆ.

ಆ ಹುಡುಗಿಗೆ ಏಳು ವರ್ಷವಿರಬೇಕು. ಎರಡು ಜಡೆ, ಎದೆಯ ಮೇಲೆ ಬಟ್ಟೆಯ ಜೇಬು. ಜೇಬಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮಿಷಿನ್, ಅದರಿಂದ ಕಿವಿಗೆ ಹೋದ ತಂತಿ. ಅವಳ ಅಪ್ಪ ಕೊಪ್ಪದ ಕಡೆಯ ಒಂದು ಹಳ್ಳಿಯಿಂದ ದಿನಾ ಮೊಪೆಡ್ಡಿನಲ್ಲಿ ಬಿಟ್ಟುಹೋಗುತ್ತಿದ್ದ. ಹೊಗೆಸೊಪ್ಪು ಬೆಳೆಯುವ ಮನುಷ್ಯ. ಕೆಟ್ಟವನಲ್ಲ, ಮಗಳೆಂದರೆ ಪ್ರಾಣ. ಅವತ್ತು ಜಗಲಿಯಲ್ಲಿ ನಿಂತು ಟೀಚರಿಗೆ ಹೇಳಿದ್ದನ್ನೇ ನನಗೂ ಹೇಳಿದ.

"ಮಿಷಿನ್ ಹಾಕುದ್ರೆ ಅಳ್ತದೆ ಕಣಕ್ಕ ಕೂಸು. ಕೇಳ್ದೇ ಇರೋ ಕಿವಿಗೆ ಅದ್ನ ತುರುಕಿ ಯಾಕೆ ಅಳುಸ್ಬೇಕು? ಸೊಪ್ಪು ಕಟ್ಟೋ ಟೈಮ್ಗೆ ಮನೇಲೇ ಇರ್ಲಿ ಬುಡಿ, ಅವ್ರವ್ವುನ್ ಜೊತೆ."

ಹೊಗೆಸೊಪ್ಪನ್ನು ಬೇಯಿಸಲು ಕೋಲಿಗೆ ಕಟ್ಟುವ ಕಾಲ ಅಂದರೆ ಇನ್ನು ಹೆಚ್ಚು ದಿನ ಇರಲಿಲ್ಲ. ಒಮ್ಮೆ ಹೋದ ಮಗು ತಿರುಗಿ ಬರುವುದಿಲ್ಲ ಎಂದು ಅವನು ಹೋದ ಮೇಲೆ ಟೀಚರ್ ಹೇಳಿದರು. ಮಾತು ಕಲಿಯುವ ವಯಸ್ಸು ಇದೇ, ಇದು ದಾಟಿದರೆ ಆಮೇಲೆ ಏನು ಮಾಡಿದರೂ ಕಷ್ಟ. ಇಡೀ ಶಾಲೆಯಲ್ಲಿ ಚುರುಕಾದವಳು ಇವಳೇ ಎಂದರು. ಎಂಜಿನ್ ಚಾಲೂ ಮಾಡಿಸಿ ಎಂದೆ.

ಎಂಜಿನ್ ಎದ್ದಿತು. ನನಗೆ ಏನೂ ಕೇಳಿಸಲಿಲ್ಲ. ಹುಡುಗಿ ಮಾತ್ರ ಮುಖ ಕಿವುಚಿಕೊಂಡು ಕಿವಿಯಿಂದ ಅದನ್ನು ಎಳೆದು ಹಾಕಿದಳು. ಆಮೇಲೆ ಗೋಡೆಯ ಕಡೆ ಬೆರಳು ತೋರಿಸಿ, ಕಿವಿಯ ಪಕ್ಕದಲ್ಲಿ ಮುಷ್ಟಿಯನ್ನು ರಾಗಿ ಬೀಸುವ ಹಾಗೆ ಗಿರಗಿರ ತಿರುಗಿಸಿದಳು. ಎಂಜಿನ್ ತಿರುಗುತ್ತಿದೆ ಎಂದು ಹೇಳುತ್ತಾಳೆ, ದಿನಾ ಹೀಗೇ ಎಂದು ಟೀಚರ್ ಅರ್ಥ ಹೇಳಿದರು. ನನಗೆ ಯಾಕೋ ಹಾಗನ್ನಿಸಲಿಲ್ಲ. ಅವಳ ಎದುರು ಕುಕ್ಕರಗಾಲಲ್ಲಿ ಕೂತು ಕೈ ಚಾಚಿದೆ. ಅವಳು ಯೋಚನೆ ಮಾಡಿ ಮಿಷಿನ್ನನ್ನು ನನ್ನ ಕೈಗಿಟ್ಟಳು.

ಅದನ್ನು ಕಿವಿಗಿಟ್ಟುಕೊಂಡವಳು ಬೆಚ್ಚಿಬಿದ್ದೆ. ತಲೆಯೊಳಗೇ ಜೇನು ಎದ್ದ ಹಾಗೆ ಗುಂಯ್ ಎನ್ನುವ ಒಂದೇ ಶ್ರುತಿ, ಬೇರೆ ಏನೂ ಇಲ್ಲ. ಮಿಷಿನ್ನಿನಲ್ಲಿ ಎಂಜಿನ್ನಿನ ಡಬಡಬ ಇಲ್ಲ, ಪಕ್ಕದಲ್ಲೇ ಮಾತಾಡುತ್ತಿದ್ದ ಟೀಚರ್ ದನಿಯೂ ಇಲ್ಲ. ಜನರೇಟರ್ ನಿಲ್ಲಿಸಿ ಎಂದು ಕೂಗಿದೆ. ನಿಂತ ಕ್ಷಣ ಗುಂಯ್ ಕೂಡ ನಿಂತಿತು. ಆ ಶ್ರುತಿ ನನಗೆ ಚೆನ್ನಾಗಿ ಪರಿಚಯವಿತ್ತು. ಟ್ರಾನ್ಸ್‌ಫಾರ್ಮರಿಗೆ ಕೈ ಇಟ್ಟಾಗ ಬೆರಳಿಗೆ ತಿಳಿಯುವುದೂ ಅದೇ, ನಮ್ಮ ಅಂಗಡಿಯಲ್ಲಿ ದಿನವೆಲ್ಲ ನನ್ನ ಸುತ್ತ ಇರುತ್ತಿದ್ದುದೂ ಅದೇ. ಅದು ಎಂಜಿನ್ನಿನದಲ್ಲ, ಎಂಜಿನ್ನಿನ ಮೂತಿಯಲ್ಲಿದ್ದ ನನ್ನ ಆಲ್ಟರ್ನೇಟರಿನದು.

ಟೀಚರ್ ಆಗ ಆ ಮಿಷಿನ್ನಿನ ಪಕ್ಕದ ಸಣ್ಣ ಸ್ವಿಚ್ಚು ತೋರಿಸಿದರು. ಪಾಠದ ಹೊತ್ತಿಗೆ ಅದನ್ನು 'ಟಿ' ಎಂಬ ಅಕ್ಷರದ ಕಡೆ ತಳ್ಳಬೇಕು ಎಂದು ಅವರಿಗೆ ಹೇಳಿಕೊಟ್ಟಿದ್ದರು. ಯಾಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ನಾನು ಕೋಣೆಯನ್ನು ಒಂದು ಸುತ್ತು ನೋಡಿದೆ. ನೆಲದಂಚಿನಲ್ಲಿ ಗೋಡೆಯುದ್ದಕ್ಕೂ ಒಂದು ತಂತಿ ಓಡಿತ್ತು. ಮೊದಲ ಸಲ ಬಂದಾಗ ಅದನ್ನು ಬೆಲ್ಲಿನ ತಂತಿ ಎಂದುಕೊಂಡಿದ್ದೆ. ಅದು ಬೆಲ್ಲಿನದಲ್ಲ. ಟೀಚರ್ ಮೈಕಿನಲ್ಲಿ ಆಡಿದ ಮಾತು ಆ ತಂತಿಗೆ ಹೋಗಿ, ಸದ್ದಾಗದೆ, ಆಯಸ್ಕಾಂತದ ಏರಿಳಿತವಾಗಿ ಕೋಣೆಯನ್ನೆಲ್ಲ ತುಂಬುತ್ತಿತ್ತು. ಸ್ವಿಚ್ಚು 'ಟಿ' ಕಡೆಗಿದ್ದರೆ ಮಿಷಿನ್ನಿನ ಮೈಕು ಬಂದ್, ಒಳಗಿನ ಒಂದು ಪುಟ್ಟ ಕಾಯಿಲ್ ಆ ಏರಿಳಿತವನ್ನು ಹಿಡಿದು ಮತ್ತೆ ಮಾತು ಮಾಡಿ ಕಿವಿಗೆ ಬಿಡುತ್ತಿತ್ತು. ಬೀದಿಯ ಗಲಾಟೆ, ಫ್ಯಾನಿನ ಸದ್ದು ಏನೂ ನಡುವೆ ಬಾರದೆ ಟೀಚರ್ ಮಾತೊಂದೇ ಮಗುವಿಗೆ ಮುಟ್ಟಲಿ ಎಂದು ಮಾಡಿದ ಜಾಣ ಏರ್ಪಾಡು ಅದು. ಆ ಕಾಯಿಲ್ಲಿಗೆ ಟೀಚರ್ ಮಾತಿನ ಆಯಸ್ಕಾಂತ ಯಾವುದು, ಗೋಡೆಯಾಚೆ ನನ್ನ ಜನರೇಟರ್ ಚೆಲ್ಲುವ ಆಯಸ್ಕಾಂತ ಯಾವುದು ಎಂದು ಭೇದ ಗೊತ್ತಿರಲಿಲ್ಲ. ಇಟ್ಟಿಗೆ ಗೋಡೆಯಾಗಲಿ ಗೋಣಿಚೀಲವಾಗಲಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಟೀಚರ್ ದಿನಾ ಬೆಳಿಗ್ಗೆ ಪ್ರತಿ ಮಗುವಿನ ಮಿಷಿನ್ನನ್ನೂ ತಮ್ಮ ಕಿವಿಗಿಟ್ಟು ಪರೀಕ್ಷೆ ಮಾಡುತ್ತಿದ್ದರು, ಆದರೆ ಆ ಹೊತ್ತಿಗೆ ಕರೆಂಟು ಇರುತ್ತಿತ್ತು.

ಹಾಗಾದರೆ ಮಕ್ಕಳು ಹೇಳಿದ್ದು ಅಕ್ಷರಶಃ ನಿಜ. ಸದ್ದು ಇತ್ತು. ಕಿವಿ ಕೇಳುವ ನಮಗಾರಿಗೂ ಕೇಳಿಸದ ಸದ್ದು ಅವರಿಗೆ ಮಾತ್ರ ಕೇಳುತ್ತಿತ್ತು. ಇದು ತಿಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಏನು ಕೆಟ್ಟಿದೆ ಎಂದು ತಿಳಿಯದೆ ಒದ್ದಾಡುವುದು ಬೇರೆ, ತಿಳಿದ ಮೇಲೆ ರಿಪೇರಿ ಮಾಡುವುದು ಬೇರೆ. ಎರಡನೆಯದರಲ್ಲಿ ನನ್ನನ್ನು ಮೀರಿಸುವವರು ಹುಣಸೂರಿನಲ್ಲಿ ಇರಲಿಲ್ಲ.

ತೊಂದರೆ ಒಂದೇ. ಆಯಸ್ಕಾಂತ ಎಲ್ಲಿಂದ ಎಷ್ಟು ಸೋರುತ್ತಿದೆ ಎಂದು ಅಳೆಯುವ ಮೀಟರು ನಮ್ಮಲ್ಲಿರಲಿಲ್ಲ. ಮಿಷಿನ್ನನ್ನು ನಾನೇ ಕಿವಿಗಿಟ್ಟುಕೊಂಡು ಶೆಡ್ಡಿನೊಳಗೆ ಹೋಗಿ ನೋಡಿದೆ. ಎಂಜಿನ್ನಿನ ಅಬ್ಬರ ಇನ್ನೊಂದು ಕಿವಿಯಿಂದ ನುಗ್ಗಿ ತಲೆಯೆಲ್ಲ ಕಲಸಿ, ಗುಂಯ್ ಹೆಚ್ಚಾಯಿತೋ ಕಡಿಮೆಯಾಯಿತೋ ಒಂದೂ ತಿಳಿಯಲಿಲ್ಲ. ಹೊರಗೆ ಬಂದು ಕೂತೆ. ಹುಡುಗಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆಗ ಹೊಳೆಯಿತು. ಇವಳಿಗೆ ಎಂಜಿನ್ ಕೇಳಿಸುವುದಿಲ್ಲ. ಎಂಜಿನ್ ಪಕ್ಕದಲ್ಲೇ ನಿಂತರೂ ಇವಳಿಗೆ ಕೇಳುವುದು ಆಯಸ್ಕಾಂತ ಮಾತ್ರ. ಆ ಕೆಲಸಕ್ಕೆ ಇವಳ ಕಿವಿಗಿಂತ ಒಳ್ಳೆಯ ಮೀಟರು ಬೆಂಗಳೂರಿಗೆ ಹೋದರೂ ಸಿಕ್ಕುತ್ತಿರಲಿಲ್ಲ.

ಅವಳನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಇಷ್ಟು ದಿನ ಎಲ್ಲರೂ ಮಿಷಿನ್ ತೆಗೆಯಬೇಡ ಎಂದು ಗದರುತ್ತಿದ್ದರೇ ಹೊರತು ಏನು ಕೇಳುತ್ತದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಟೀಚರ್ ಸನ್ನೆಯಲ್ಲಿ ಆಟದ ನಿಯಮ ಹೇಳಿಕೊಟ್ಟರು. ಗುಂಯ್ ಜೋರಾಗಿದ್ದರೆ ಕೈ ತಲೆಯ ಮೇಲೆ, ಕಡಿಮೆಯಾದ ಹಾಗೆ ಕೈ ಕೆಳಗೆ, ಏನೂ ಇಲ್ಲದಿದ್ದರೆ ಕೈ ಕಟ್ಟಿ ನಿಲ್ಲಬೇಕು. ಜೋರಾದಾಗ ನೋಯದಂತೆ ಮಿಷಿನ್ನಿನ ವಾಲ್ಯೂಮ್ ಇಳಿಸಿಕೊಟ್ಟೆವು. ಅವಳು ದೊಡ್ಡ ಇನ್‌ಸ್ಪೆಕ್ಟರ್ ಥರ ಕೈಯೆತ್ತಿಕೊಂಡು ಕೋಣೆಯನ್ನೆಲ್ಲ ಸುತ್ತಿದಳು, ನಾನು ಸೀಮೆಸುಣ್ಣ ಹಿಡಿದು ಹಿಂದೆ ಹಿಂದೆ ಹೋಗಿ ಕೈ ಎಲ್ಲಿ ಏರಿತೋ ಅಲ್ಲೆಲ್ಲ ನೆಲಕ್ಕೆ ಗುರುತು ಹಾಕಿದೆ.

ಮೊದಲ ಆಶ್ಚರ್ಯ ಅಲ್ಲೇ ಕಾದಿತ್ತು. ಕೈ ಜನರೇಟರ್ ಇದ್ದ ಗೋಡೆಯ ಹತ್ತಿರ ಮಾತ್ರವಲ್ಲ, ಕೋಣೆಯ ನಡುಮಧ್ಯದಲ್ಲೂ ತಲೆಯ ಮೇಲೇ ಇತ್ತು. ವೈರಿಂಗ್ ಹುಡುಕಿದೆ. ನಮ್ಮ ಕಡೆಯ ವೈರ್‌ಮನ್‌ಗಳಿಗೆ ಒಂದು ಚಾಳಿಯಿದೆ. ಫೇಸ್ ತಂತಿಯನ್ನು ಎಲ್ಲಿಂದಲೇ ತರಲಿ, ನ್ಯೂಟ್ರಲ್ ಹತ್ತಿರದಲ್ಲಿ ಎಲ್ಲಿ ಸಿಕ್ಕಿತೋ ಅಲ್ಲಿಂದ ಎತ್ತಿಬಿಡುತ್ತಾರೆ. ಇಲ್ಲಿ ಜನರೇಟರಿಗೆಂದು ಹೊಸದಾಗಿ ಎಳೆದ ಲೈನೂ ಹಾಗೇ, ಹೋಗುವ ತಂತಿ ಬಲಗೋಡೆಯ ಮೇಲೆ, ವಾಪಸ್ ಬರುವ ತಂತಿ ಎಡಗೋಡೆಯ ಮೇಲೆ. ಅಂದರೆ ಪಾಠ ನಡೆಯುವ ಕೋಣೆಯನ್ನೇ ಒಂದು ದೊಡ್ಡ ಕಾಯಿಲ್ ಮಾಡಿ, ಮಕ್ಕಳನ್ನು ಅದರ ಹೊಟ್ಟೆಯೊಳಗೆ ಕೂರಿಸಿದ್ದರು. ಫ್ಯಾನು ತಿರುಗುತ್ತದೆ, ಬಲ್ಬು ಉರಿಯುತ್ತದೆ, ಬೇರೆ ಯಾವ ಕಟ್ಟಡದಲ್ಲಾದರೂ ಇದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಎರಡೂ ತಂತಿ ಬಿಚ್ಚಿಸಿ, ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಹೊಸೆದು, ಒಂದೇ ದಾರಿಯಲ್ಲಿ ಎಳೆಸಿದೆ. ಹೋಗುವುದರ ಆಯಸ್ಕಾಂತವನ್ನು ಬರುವುದರ ಆಯಸ್ಕಾಂತ ಅಲ್ಲೇ ಹೊಡೆದುಹಾಕುತ್ತದೆ. ಜನರೇಟರ್ ಮತ್ತೆ ಎದ್ದಾಗ ಕೋಣೆಯ ನಡುವೆ ಅವಳ ಕೈ ಎದೆಯ ಮಟ್ಟಕ್ಕೆ ಇಳಿಯಿತು.

ಉಳಿದದ್ದು ನನ್ನ ಆಲ್ಟರ್ನೇಟರಿನ ಪಾಪ. ಅದರ ತಲೆಯ ಮೇಲೆ ಒಂದು ಡಬ್ಬಿ, ಡಬ್ಬಿಯೊಳಗೆ ವೋಲ್ಟೇಜನ್ನು ಹದದಲ್ಲಿಡುವ ಚೋಕು. ಹುಡುಗಿಯನ್ನು ಅದರ ಹತ್ತಿರ ಕರೆತಂದಾಗ ಕೈ ಮೇಲಕ್ಕೆ ಹಾರಿದ್ದು ಮಾತ್ರವಲ್ಲ, ತುದಿಗಾಲಲ್ಲಿ ನಿಂತು ಇನ್ನೊಂದು ಕೈಯನ್ನೂ ಎತ್ತಿದಳು. ಚೋಕನ್ನು ಬಿಚ್ಚಿಕೊಂಡು ಹುಣಸೂರಿಗೆ ಬಂದು, ಆ ರಚನೆಯನ್ನೇ ಬದಲಾಯಿಸಿದೆ. ಒಂದು ದೊಡ್ಡ ಕಾಯಿಲ್ಲಿನ ಬದಲು ಎರಡು ಸಣ್ಣವು, ಎರಡೂ ಪಕ್ಕಪಕ್ಕ, ಒಂದು ಬಲಕ್ಕೆ ಸುತ್ತಿದ್ದರೆ ಇನ್ನೊಂದು ಎಡಕ್ಕೆ. ಒಳಗೆ ಎರಡೂ ಸೇರಿ ಕೆಲಸ ಮಾಡುತ್ತವೆ, ಹೊರಗೆ ಒಂದು ಚೆಲ್ಲಿದ್ದನ್ನು ಇನ್ನೊಂದು ಅಳಿಸುತ್ತದೆ. ಅಪ್ಪ ಎರಡು ದಿನ ಪಕ್ಕದಲ್ಲಿ ನಿಂತು ತಲೆಯಲ್ಲಾಡಿಸಿದ. ಮೂರನೆಯ ದಿನ ತಾನೇ ಕಾಗದ ಕತ್ತರಿಸಿ, ತಂತಿ ಜಾರದಂತೆ ಬಿದಿರಿನ ಚಕ್ಕೆ ಕೆತ್ತಿ ಕೊಟ್ಟ. ಅಂಗಡಿಗೆ ಬಂದವರಿಗೆಲ್ಲ, ಆ ಕೂಸಿಗೆ ಕೇಳುಸ್ತದಂತೆ ಕಣ್ಲಾ, ನಮಗೇ ಕೇಳಲ್ಲ ಎಂದು ಹೇಳತೊಡಗಿದ್ದ, ಈ ಸಲ ನಗದೆ.

ಈ ವಿದ್ಯೆ ನನಗೆ ಆಮೇಲೆ ಬಹಳ ಅನ್ನ ಹಾಕಿತು. ಹೃದಯದ ಗೆರೆ ತೆಗೆಯುವ ಮಿಷಿನ್ ಇಟ್ಟುಕೊಂಡ ಡಾಕ್ಟರುಗಳು, ಹೊಸ ಅಗ್ರಹಾರದ ಆರ್ಕೆಸ್ಟ್ರಾದವರು, ಗುಂಯ್‌ಗುಡದ ಜನರೇಟರ್ ಬೇಕು ಎಂದು ಹುಡುಕಿಕೊಂಡು ಬಂದರು. ನನ್ನ ಡ್ರಾಯಿಂಗ್ ನೋಡಿ ಬೇರೆಯವರೂ ಮಾಡಿದರು, ಮಾಡಲಿ. ಆದರೆ ಆವತ್ತು ನನ್ನ ತಲೆಯಲ್ಲಿ ಅದ್ಯಾವುದೂ ಇರಲಿಲ್ಲ. ಹೊಸ ಚೋಕು ತೆಗೆದುಕೊಂಡು ಪಿರಿಯಾಪಟ್ಟಣಕ್ಕೆ ಹೋದರೆ ಹುಡುಗಿ ಬಂದಿರಲಿಲ್ಲ. ಅವಳಪ್ಪ ಹಿಂದಿನ ದಿನವೇ ಬಂದು ಕೈಮುಗಿದು, ಇನ್ನು ಕಳಿಸುವುದಿಲ್ಲ ಎಂದು ಹೇಳಿಹೋಗಿದ್ದನಂತೆ.

ನನಗೆ ಎಲ್ಲಿಲ್ಲದ ಸಂಕಟವಾಯಿತು. ಟೀಚರನ್ನು ಹೊರಡಿಸಿಕೊಂಡು ಅವರ ಹಳ್ಳಿಗೆ ಹೋದೆ. ಅವನು ಬ್ಯಾರನ್ ಹತ್ತಿರ ಇದ್ದ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕಿಟಕಿಯಿಲ್ಲದ ಮನೆ. ಹೊರಗಿನ ಒಲೆಯ ಬಿಸಿ ದಪ್ಪ ತಗಡಿನ ಪೈಪುಗಳಲ್ಲಿ ಒಳಗೆಲ್ಲ ಹರಿಯುತ್ತದೆ. ಹಂಗಾಮಿಗೆ ಮುಂಚೆ ಹಳೆಯ ಪೈಪು ತೆಗೆದು ಹೊಸದು ಹಾಕುತ್ತಿದ್ದ. ಹುಡುಗಿ ಚಪ್ಪರದಡಿ ಕೂತಿದ್ದಳು, ಕಿವಿಯಲ್ಲಿ ಏನೂ ಇರಲಿಲ್ಲ. ನನ್ನನ್ನು ಕಂಡವಳೇ ಎದ್ದುನಿಂತು ಕೈಯನ್ನು ತಲೆಯ ಮೇಲೆತ್ತಿ ನಕ್ಕಳು.

ಅವನು ಮಜ್ಜಿಗೆ ತರಿಸಿದ. ಕೂತುಕೊಳ್ಳಿ ಎಂದ. ಮಾತಿಗೆ ಮಾತ್ರ ಬಗ್ಗಲಿಲ್ಲ. ಇದ್ದಷ್ಟು ದಿನ ನೋಡಿದೆ, ಅವಳಿಗೆ ದೇವರು ಕೇಳಿಸುವ ಕಿವಿ ಕೊಟ್ಟಿಲ್ಲ, ನಾವು ಅದನ್ನು ಒಪ್ಪಿಕೊಂಡು ಚೆನ್ನಾಗಿ ಸಾಕೋಣ ಎಂದ. ಅವನ ದನಿಯಲ್ಲಿ ಹಠಕ್ಕಿಂತ ದಣಿವು ಹೆಚ್ಚಿತ್ತು. ಅದನ್ನು ಕೇಳಿ ನನಗೆ ಸಿಟ್ಟೂ ಬಂತು, ದುಃಖವೂ ಬಂತು.

"ಅಣ್ಣಾ, ನಿಮ್ ಕೂಸು ಕೇಳ್ದೇ ಅಳ್ತಿಲ್ಲ. ಕೇಳುಸ್ತದೆ ಅಂತ್ಲೇ ಅಳ್ತಾ ಅವ್ಳೆ," ಎಂದೆ.

ಅವನು ಮಜ್ಜಿಗೆ ಲೋಟ ಕೆಳಗಿಟ್ಟ. ಏನು ಕೇಳುತ್ತದೆ ಎಂದು ಕೇಳಿದ. ನಾನು ಮಾಡಿದ ಜನರೇಟರ್ ಎಂದೆ. ನನಗೆ ತಲೆ ಕೆಟ್ಟಿದೆಯೋ ಎಂಬಂತೆ ನನ್ನನ್ನೂ ಟೀಚರನ್ನೂ ನೋಡಿದ. ವಿವರಿಸಿ ಪ್ರಯೋಜನವಿಲ್ಲ ಎಂದು ಗೊತ್ತಾಯಿತು. ಸೋಮವಾರ ಒಂದೇ ಒಂದು ದಿನ ಕರೆತನ್ನಿ, ನೀವೂ ಇರಿ, ನಿಮ್ಮ ಕಣ್ಣಾರೆ ನೋಡಿ, ಆಮೇಲೆ ನಿಮ್ಮ ಇಷ್ಟ ಎಂದೆ. ಅವನು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಹೊರಡುವಾಗ ಅಂಗಳದಲ್ಲಿ ಒರಗಿಸಿದ್ದ ಹಳೆಯ ಪೈಪಿನ ಒಂದು ಅಂಚನ್ನು ಸುಮ್ಮನೆ ಹಿಡಿದೆ. ಒಲೆಯ ಬಾಯಿಗೆ ಹತ್ತಿರವಿದ್ದ ತುಂಡು ಅದು. ಅಷ್ಟು ದಪ್ಪ ತಗಡು ನನ್ನ ಕೈಯ ಒತ್ತಡಕ್ಕೇ ಬಾಗಿತು, ಬಿಟ್ಟರೆ ತಿರುಗಿ ಸೆಟೆಯಲಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಆಲ್ಟರ್ನೇಟರಿನ ಸುತ್ತ ಕಬ್ಬಿಣದ ತಗಡಿನ ಕವಚ ಹಾಕಿದರೆ ಸೋರುವ ಆಯಸ್ಕಾಂತ ಆ ತಗಡಿನೊಳಗೇ ಹರಿದು ಒಳಗೇ ಉಳಿಯುತ್ತದೆ, ಇದು ಓದಿದವರಿಗೆಲ್ಲ ಗೊತ್ತು. ಚೋಕು ಬಿಚ್ಚುವ ಮೊದಲೇ ಹೊಸ ತಗಡಿನಲ್ಲಿ ಒಂದು ಕವಚ ಮಾಡಿ ಶಾಲೆಯಲ್ಲಿ ಇಟ್ಟುನೋಡಿದ್ದೆ, ಹುಡುಗಿಯ ಕೈ ಒಂದು ಗೇಣೂ ಇಳಿದಿರಲಿಲ್ಲ. ಹೊಸ ತಗಡು ಮಿಲ್ಲಿನಲ್ಲಿ ಒತ್ತಿಸಿಕೊಂಡು ಬಿರುಸಾಗಿರುತ್ತದೆ, ಆಯಸ್ಕಾಂತವನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದನ್ನು ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಹದವಾಗುತ್ತದೆ, ಅದಕ್ಕೆ ದೊಡ್ಡ ಕುಲುಮೆ ಬೇಕು. ಈ ಪೈಪು ವರ್ಷ ವರ್ಷವೂ ವಾರಗಟ್ಟಲೆ ಕಾದು, ಬೆಂಕಿ ಆರಿದ ಮೇಲೆ ಮುಚ್ಚಿದ ಮನೆಯೊಳಗೆ ತಾನೇ ತಾನಾಗಿ ತಣ್ಣಗಾಗಿತ್ತು. ನನಗೆ ಬೇಕಾದದ್ದನ್ನು ಇಲ್ಲಿಯ ಜನ ಪ್ರತಿ ಹಂಗಾಮಿನಲ್ಲೂ ತಯಾರು ಮಾಡಿ ಗುಜರಿಗೆ ಹಾಕುತ್ತಿದ್ದರು.

ಇದನ್ನು ಕೊಡುತ್ತೀರಾ ಎಂದು ಕೇಳಿದೆ. ತೂತು ಬಿದ್ದ ಪೈಪು ಯಾಕೆ ಎಂದ. ನಿಮ್ಮ ಮಗಳಿಗೆ ಎಂದೆ. ಅವನು ಒಂದು ಗಾಡಿ ಗೊತ್ತುಮಾಡಿ ಎಲ್ಲ ತುಂಡುಗಳನ್ನೂ ಹೇರಿಸಿದ.

ಮಸಿ ಕೆರೆದು, ತೂತು ಬಿದ್ದ ಭಾಗ ಕತ್ತರಿಸಿ, ಒಳ್ಳೆಯದನ್ನು ಚಪ್ಪಟೆ ಮಾಡಿ ಎರಡು ಪದರದ ಕವಚ ಕಟ್ಟಿದೆ. ಸುತ್ತಿಗೆಯಲ್ಲಿ ಬಡಿದರೆ ತಗಡು ಮತ್ತೆ ಬಿರುಸಾಗುತ್ತದೆಂದು ಎಲ್ಲವನ್ನೂ ಮರದ ಹಲಗೆಗಳ ನಡುವೆ ಒತ್ತಿಯೇ ಬಗ್ಗಿಸಿದೆ. ಎರಡು ಪದರಗಳ ನಡುವೆ ಬೆರಳು ಹಿಡಿಸುವಷ್ಟು ಜಾಗ, ಗಾಳಿಯಾಡಲು ಎದುರುಬದುರು ಬಾಯಿ. ನೋಡಲು ಒಂದು ಕಪ್ಪು ಪೆಟ್ಟಿಗೆ. ಅಂದವಾಗಿದೆ ಎಂದು ಯಾರೂ ಹೇಳಲಿಲ್ಲ, ನನಗೆ ಮಾತ್ರ ಬಹಳ ಚೆನ್ನಾಗಿ ಕಂಡಿತು.

ಸೋಮವಾರ ಅವನು ಬಂದ. ಮಗಳನ್ನು ಮೊಪೆಡ್ಡಿನಿಂದ ಇಳಿಸಿ, ತಾನು ಜಗಲಿಯ ಕಂಬಕ್ಕೆ ಒರಗಿ ನಿಂತ. ಕರೆಂಟು ಎಂದಿನಂತೆ ಪ್ರಾರ್ಥನೆ ಮುಗಿಯುತ್ತಲೇ ಹೋಯಿತು. ಕವಚದ ಮುಚ್ಚಳ ತೆಗೆದಿಟ್ಟು ಎಂಜಿನ್ ಚಾಲೂ ಮಾಡಿದೆ. ಹುಡುಗಿ ಶೆಡ್ಡಿನ ಬಾಗಿಲಲ್ಲಿ ನಿಂತು ಕೈ ಸೊಂಟಕ್ಕೆ ತಂದಳು. ಹೊಸ ಚೋಕು ಅಷ್ಟು ಮಾಡಿತ್ತು. ಮುಚ್ಚಳ ಹಾಕಿದೆ. ಕೈ ಪೂರ್ತಿ ಕೆಳಗಿಳಿಯಿತು. ಅವಳು ಅನುಮಾನದಿಂದ ಮಿಷಿನ್ನನ್ನು ತಟ್ಟಿ ನೋಡಿಕೊಂಡಳು. ಆಮೇಲೆ ಒಳಗೆ ಬಂದು ಎಂಜಿನ್ನಿನ ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಅಂಗೈ ಒತ್ತಿದಳು. ಅದು ಅದುರುತ್ತಿತ್ತು. ನಿಂತಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಮುಖ ನೋಡಿ ನಿಧಾನವಾಗಿ ಕೈ ಕಟ್ಟಿ ನಿಂತಳು.

ಅವಳಪ್ಪನಿಗೆ ನಂಬಿಕೆ ಬರಲಿಲ್ಲ. ನಾನು ಏನೋ ಸನ್ನೆ ಮಾಡುತ್ತಿದ್ದೇನೆ ಎಂದುಕೊಂಡ. ಮಗಳನ್ನು ತರಗತಿಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿ, ಟೀಚರನ್ನು ಅವಳ ಮುಂದೆ ನಿಲ್ಲಿಸಿ, ನನ್ನನ್ನೂ ಹೊರಗೆ ಕಳಿಸಿ, ಶೆಡ್ಡಿಗೆ ತಾನೇ ಹೋದ. ಮುಚ್ಚಳ ತೆಗೆದಾಗಲೆಲ್ಲ ಗೋಡೆಯಾಚೆ ಅವಳ ಕೈ ಏಳುತ್ತಿತ್ತು, ಹಾಕಿದಾಗಲೆಲ್ಲ ಬೀಳುತ್ತಿತ್ತು. ಟೀಚರ್ ಕಿಟಕಿಯಿಂದ ಕೂಗಿ ಹೇಳುತ್ತಿದ್ದರು, ಎತ್ತಿದಳು, ಇಳಿಸಿದಳು ಎಂದು. ಕೊನೆಗೆ ಅವನು ಮುಚ್ಚಳವನ್ನು ಎತ್ತುವಂತೆ ನಟಿಸಿ ಎತ್ತದೆ ನಿಂತ. ಟೀಚರ್ ಏನೂ ಹೇಳಲಿಲ್ಲ, ಅವಳು ಕೈ ಕಟ್ಟಿಯೇ ನಿಂತಿದ್ದಳು.

ಅವನು ಹೊರಗೆ ಬಂದಾಗ ಅವನ ಮುಖ ಬೆವೆತಿತ್ತು.

"ನಂಗೇ ಕೇಳ್ದೇ ಇರಾದು ಇವ್ಳಿಗೆ ಕೇಳ್ತದಾ?" ಎಂದ.

ಕೇಳುತ್ತದೆ ಎಂದೆ. ಟೀಚರ್ ಅವನಿಗೆ ಮೈಕು ಕೊಟ್ಟರು. ಅವನು ಅದನ್ನು ಹಾವು ಹಿಡಿದ ಹಾಗೆ ದೂರ ಹಿಡಿದುಕೊಂಡು, ಏನು ಹೇಳಬೇಕು ಎಂದು ಕೇಳಿದ. ಏನಾದರೂ ಹೇಳಿ, ಕರೆಯಿರಿ ಎಂದರು. ಹುಡುಗಿ ಅವನಿಗೆ ಬೆನ್ನು ಮಾಡಿ ಬಣ್ಣದ ಮಣಿಗಳ ಪೆಟ್ಟಿಗೆಯ ಮುಂದೆ ಕೂತಿದ್ದಳು.

"ಕೂಸೇ," ಎಂದ.

ಅವಳು ತಲೆಯೆತ್ತಿದಳು. ನೋಡಿದ್ದು ಟೀಚರ್ ಕಡೆ. ಆ ಕೋಣೆಯಲ್ಲಿ ಅವಳಿಗೆ ಕೇಳುತ್ತಿದ್ದ ಮಾತೆಲ್ಲ ಇದುವರೆಗೆ ಟೀಚರದೇ ಆಗಿತ್ತು. ತಂತಿಯಿಂದ ಬರುವ ಮಾತಿಗೆ ದಿಕ್ಕಿಲ್ಲ, ಅದು ಕೋಣೆಯ ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತದೆ. ಟೀಚರ್ ಬಾಯಿ ಮುಚ್ಚಿಕೊಂಡಿದ್ದರು. ಅವಳು ಗೊಂದಲದಿಂದ ನನ್ನ ಬಾಯಿ ನೋಡಿದಳು. ನಾನೂ ಸುಮ್ಮನಿದ್ದೆ.

"ಕೂಸೇ, ನಾನು ಕಣವ್ವ," ಎಂದ ಅವನು ಮತ್ತೆ.

ಅವಳು ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಾ ಪೂರ್ತಿ ತಿರುಗಿದಳು. ಅಪ್ಪನ ತುಟಿ ಆಡುತ್ತಿರುವುದು ಕಣ್ಣಿಗೆ ಬಿದ್ದಿತು. ಹತ್ತಿರ ಬಂದು ಅವನ ಗಂಟಲ ಮೇಲೆ ಕೈಯಿಟ್ಟಳು, ಇನ್ನೊಂದು ಕೈಯಿಂದ ತನ್ನ ಕಿವಿಯನ್ನು ಮುಟ್ಟಿಕೊಂಡಳು. ನಂತರ ಅವನ ಗಲ್ಲ ಹಿಡಿದು ಅಲ್ಲಾಡಿಸಿದಳು, ಮತ್ತೆ ಆಡು ಎಂದು.

ಅವನು ನೆಲಕ್ಕೆ ಕೂತುಬಿಟ್ಟ. ಬ್ಯಾರನ್‌ನ ಸುದ್ದಿ ಹೇಳತೊಡಗಿದ. ಹೊಸ ಪೈಪು ಹಾಕಿಯಾಯಿತು, ಸೌದೆ ಇನ್ನೂ ಬರಬೇಕು, ಕಪ್ಪು ಹಸು ಈ ಸಲ ಗಬ್ಬವಾಗಿದೆ, ನಿಮ್ಮವ್ವ ನಿನಗೆ ಕಡುಬು ಮಾಡುತ್ತೇನೆ ಅಂದಿದ್ದಾಳೆ. ಅವಳಿಗೆ ಒಂದು ಮಾತೂ ಅರ್ಥವಾಗುವಂತಿರಲಿಲ್ಲ. ಗಂಟಲಿನಿಂದ ಕೈ ಮಾತ್ರ ತೆಗೆಯಲಿಲ್ಲ. ಅವನು ಅಳುತ್ತಿದ್ದ, ಅಳುತ್ತಲೇ ಹೇಳುತ್ತಿದ್ದ.

ಅಷ್ಟರಲ್ಲಿ ಮೀಟರ್ ಬೋರ್ಡಿನ ಕೆಂಪು ದೀಪ ಹೊತ್ತಿಕೊಂಡಿತು, ಕರೆಂಟು ಬಂದಿತ್ತು. ಜನರೇಟರಿನಿಂದ ಹೊರಗಿನ ಕರೆಂಟಿಗೆ ಬದಲಿಸುವ ಚೇಂಜೋವರ್ ಸ್ವಿಚ್ಚು ನನ್ನ ಕೈಗೆ ಸಿಗುವಷ್ಟೇ ದೂರದಲ್ಲಿತ್ತು. ಅದನ್ನು ತಿರುಗಿಸುವಾಗ ಒಂದು ಕ್ಷಣ ಮೈಕು ಸತ್ತು ಮತ್ತೆ ಏಳುತ್ತದೆ. ನಾನು ಕೈ ಹಾಕಲಿಲ್ಲ, ಜನರೇಟರ್ ಓಡಲು ಬಿಟ್ಟೆ.